ಮಂಡಿ ಸರಿಯಿರುವಾಗಲೇ ಒಂದು ದ್ವೀಪ ಸುತ್ತಿಸಿ

ಈಗ ಆಫೀಸಿನ ಟೀ ಬ್ರೇಕ್ ತುಂಬಾ ದ್ವೀಪಗಳದ್ದೇ ಮಾತು. ಒಬ್ಬರಿಗೆ ಬಾಲಿ, ಇನ್ನೊಬ್ಬರಿಗೆ ಮಾಲ್ಡೀವ್ಸ್. ಅಮೆರಿಕ ಸೇರಿಕೊಂಡ ಸ್ನೇಹಿತರಾದ್ರೆ ಕೆರಿಬಿಯನ್ ಫೋಟೊ ಹಾಕ್ತಾರೆ. ಬಾರ್ಬಡೋಸ್ ಅಂದ ಕೂಡಲೇ ನಮಗೆ ನೆನಪಾಗೋದು ಕಡಲಲ್ಲ, ಕ್ರಿಕೆಟ್. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದಿದ್ದು ಅಲ್ಲಿನ ಬ್ರಿಡ್ಜ್‌ಟೌನ್‌ನಲ್ಲಿ. ನಮ್ಮ ದ್ರಾವಿಡ್ ಕಪ್ ಎತ್ತಿ ಕೂಗಿದ್ದನ್ನ ಯಾರು ಮರೀತಾರೆ ಹೇಳಿ!

ಆ ದ್ವೀಪ ಸುಮಾರು 34 ಕಿಲೋಮೀಟರ್ ಉದ್ದ, 23 ಕಿಲೋಮೀಟರ್ ಅಗಲ. ಅಷ್ಟು ಚಿಕ್ಕದನ್ನ ನೋಡೋಕೂ ಹೋಗುವವರು ಲೆಕ್ಕ ಹಾಕ್ತಾರೆ. ಪಶ್ಚಿಮದ ಕಡಲು ಶಾಂತ, ಈಜಬಹುದು. ಪೂರ್ವಕ್ಕೆ ಅಟ್ಲಾಂಟಿಕ್‌ನ ದೊಡ್ಡ ಅಲೆ, ಅಲ್ಲಿ ದಡದಲ್ಲಿ ನಿಂತು ನೋಡೋದಷ್ಟೇ. ಯಾವ ದಡಕ್ಕೆ ಯಾವ ಹೊತ್ತಿಗೆ, ಜೊತೆಯಲ್ಲಿ ಯಾರಿದ್ದಾರೆ, ಇಷ್ಟು ನೋಡ್ಕೊಂಡು ಹೊರಟರೆ ಎರಡು ದಿನಕ್ಕೆ ದ್ವೀಪ ದಕ್ಕುತ್ತೆ.

ಇದೇ ಲೆಕ್ಕವನ್ನ ನಮ್ಮ ಮನೆ ಪಕ್ಕದ ದ್ವೀಪಕ್ಕೆ ಯಾಕೆ ಹಾಕಬಾರದು? ನಮ್ಮೂರು ಚಿನಕುರಳಿ, ಪಾಂಡವಪುರ ತಾಲ್ಲೂಕು. ಹೌದು, ಪಟಾಕಿಯ ಹೆಸರಿನ ಊರೇ. ನಮ್ಮ ಕಡೆಯವರಿಗೆ ಶ್ರೀರಂಗಪಟ್ಟಣ ಅಂದ್ರೆ 'ಪಟ್ಣ' ಅಷ್ಟೇ. ಮೈಸೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಎರಡು ಸಲ ಕಾವೇರಿ ಕಾಣುತ್ತೆ, ಎರಡು ಸಲ ಕೈ ಮುಗೀತಾರೆ, ಮುಗೀತು. "ಅಲ್ಲೇನೈತೆ ನೋಡಕ್ಕೆ, ದಿನಾ ನೋಡಾದೇ ಅಲ್ವಾ" ಅಂತಾರೆ ನಮ್ಮ ದೊಡ್ಡಮ್ಮ. ಎರಡು ಸಲ ಹೊಳೆ ದಾಟಿದ್ರೆ ನಡುವೆ ಇರೋದು ದ್ವೀಪ ಅನ್ನೋದು ಎಷ್ಟೋ ಜನರಿಗೆ ಹೊಳೆಯೋದೇ ಇಲ್ಲ.

ಕಾವೇರಿ ಇಲ್ಲಿ ಎರಡಾಗಿ ಒಡೆದು, ಊರನ್ನ ಬಳಸಿಕೊಂಡು ಹರಿದು, ಮತ್ತೆ ಒಂದಾಗ್ತಾಳೆ. ನಡುವಿನ ನೆಲ ಸುಮಾರು ಐದು ಕಿಲೋಮೀಟರ್ ಉದ್ದ, ಅಗಲ ಅದರ ಮೂರನೇ ಒಂದು ಭಾಗದಷ್ಟು. ಬಾರ್ಬಡೋಸ್ ಮುಂದೆ ಇದು ಅಂಗೈ. ಆದರೆ ಈ ಅಂಗೈಯಲ್ಲಿ ಒಂದು ರಾಜಧಾನಿ ಇತ್ತು. 1610ರಲ್ಲಿ ರಾಜ ಒಡೆಯರು ಇದನ್ನ ಗೆದ್ದು ಇಲ್ಲೇ ದಸರಾ ಶುರು ಮಾಡಿದರು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಇಲ್ಲೇ ಬಿದ್ದ. ಆಮೇಲೆ ರಾಜಧಾನಿ ಮೈಸೂರಿಗೆ ಹೋಯ್ತು, ಜನರ ಕಣ್ಣೂ ಹೋಯ್ತು.

ಪ್ಲ್ಯಾನ್ ಯಾರಿಗಾಗಿ?

ಗೂಗಲ್‌ನಲ್ಲಿ ಹುಡುಕಿದ್ರೆ 'ನೋಡಲೇಬೇಕಾದ ಇಪ್ಪತ್ತು ಸ್ಥಳಗಳು' ಅಂತ ಪಟ್ಟಿ ಬರುತ್ತೆ. ಅದನ್ನ ಹಿಡ್ಕೊಂಡು ಹೊರಟ ಕುಟುಂಬಗಳನ್ನ ನಾನು ಪ್ರತಿ ಭಾನುವಾರ ನೋಡಿದ್ದೀನಿ. ಹನ್ನೆರಡು ಗಂಟೆಗೆ ಮಕ್ಕಳು ಅಳ್ತಿರ್ತಾರೆ, ಅಜ್ಜಿ ಕಾರಿನಲ್ಲೇ ಕೂತಿರ್ತಾರೆ, ಮಗ ಮಾತ್ರ ಇಳಿದು ಓಡಿ ಫೋಟೊ ತೆಗೆದು ವಾಪಸ್ ಬರ್ತಾನೆ.

ನನ್ನ ನಿಯಮ ಒಂದೇ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರು ನಡೀತಾರೋ ಅವರಿಗಾಗಿ ಪ್ಲ್ಯಾನ್ ಮಾಡಿ. ನಮ್ಮ ಮನೆಯಲ್ಲಿ ಅದು ಅಮ್ಮ. ಎರಡು ಮಂಡಿಯೂ ನೋವು, ಮೆಟ್ಟಿಲು ಅಂದ್ರೆ ಮುಖ ಸಣ್ಣದಾಗುತ್ತೆ, ಆದರೆ ಬಾಯಿಬಿಟ್ಟು ಹೇಳಲ್ಲ. "ನೀವು ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ" ಅನ್ನೋ ಮಾತು ದಿನಕ್ಕೆ ಎರಡನೇ ಸಲ ಬಂತು ಅಂದ್ರೆ ಆ ಪ್ಲ್ಯಾನ್ ಕೆಟ್ಟಿದೆ ಅಂತಲೇ ಅರ್ಥ. ಕಳೆದ ಚಳಿಗಾಲದಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರನ್ನೂ ಕರ್ಕೊಂಡು ಹೋಗಿದ್ದು ಈ ಲೆಕ್ಕದಲ್ಲೇ. ಆ ಮಾತು ಒಂದೇ ಒಂದು ಸಲ ಬಂತು.

ಶನಿವಾರ ಬೆಳಗ್ಗೆ: ಮೊದಲು ಮೇಲಿಂದ

ದ್ವೀಪಕ್ಕೆ ಕಾಲಿಡುವ ಮುನ್ನ ಕರಿಘಟ್ಟಕ್ಕೆ ಹೋಗಿ. ಇದು ಹೊಳೆಯ ಆಚೆ ಬದಿಯ ಬೆಟ್ಟ, ಮೇಲೆ ಶ್ರೀನಿವಾಸನ ಗುಡಿ. ನಾನೂರಕ್ಕೂ ಹೆಚ್ಚು ಮೆಟ್ಟಿಲಿವೆ, ಆದರೆ ಕಾರು ಹೋಗೋ ರಸ್ತೆಯೂ ಇದೆ. ಮೇಲಿಂದ ನೋಡಿದ್ರೆ ಹೊಳೆ, ಗದ್ದೆ, ತೆಂಗು, ಊರು, ದೂರದ ಗೋಪುರ ಎಲ್ಲ ಒಂದೇ ನೋಟಕ್ಕೆ ಸಿಗುತ್ತೆ. ಮುಂದೆ ಎರಡು ದಿನ ಎಲ್ಲೆಲ್ಲಿ ಸುತ್ತುತ್ತೀವಿ ಅನ್ನೋದನ್ನ ಬೆರಳು ತೋರಿಸಿ ಹೇಳಬಹುದು. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತೆ, ಹಾಗಾಗಿ ಬೆಳಗ್ಗೆಯೇ ಒಳ್ಳೇದು.

ಇಳಿದು ಸೀದಾ ಕೋಟೆಯೊಳಗೆ. ಮೊದಲು ರಂಗನಾಥಸ್ವಾಮಿ, ಯಾಕಂದ್ರೆ ಮಧ್ಯಾಹ್ನ ಬಾಗಿಲು ಹಾಕಿದ್ರೆ ಸಂಜೆವರೆಗೆ ಕಾಯಬೇಕು. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದ್ದು ಅಂತ ಹೇಳಿಕೆ. ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್ ಎಲ್ಲರೂ ಏನಾದರೂ ಸೇರಿಸಿದ ಗುಡಿ ಇದು. ಇಲ್ಲಿನವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಮಿಳುನಾಡಿನ ಶ್ರೀರಂಗದವನು ಅಂತ್ಯರಂಗ. ಒಂದೇ ಹೊಳೆಯ ಮೂರು ದ್ವೀಪಗಳಲ್ಲಿ ಮೂವರು ರಂಗನಾಥರು ಮಲಗಿದ್ದಾರೆ.

ಕೋಟೆಯೊಳಗೆ ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲಿದೆ, ಜೋಡಿ ಮಿನಾರಿನ ಜಾಮಿಯಾ ಮಸೀದಿ ಇದೆ, ಕೈದಿಗಳನ್ನ ಇಟ್ಟಿದ್ದ ನೆಲಮಾಳಿಗೆ ಇದೆ. ಎಲ್ಲ ಹತ್ತಿರ ಹತ್ತಿರ, ಕಾರಿನಲ್ಲಿ ಐದೈದು ನಿಮಿಷ. ಮಕ್ಕಳಿದ್ರೆ ರೈಲ್ವೆ ಸ್ಟೇಷನ್ ಹತ್ತಿರದ ಶಸ್ತ್ರಾಗಾರವನ್ನ ತಪ್ಪದೆ ತೋರಿಸಿ. ಜೋಡಿ ಹಳಿ ಹಾಕೋಕೆ ಅದು ಅಡ್ಡ ಬಂತು. ಕೆಡವೋ ಬದಲು 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಕಟ್ಟಡವನ್ನ ಹಾಗೇ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿದರು. ರಾಜರ ಕಥೆ ಕೇಳಿ ಆಕಳಿಸ್ತಿದ್ದ ಅಣ್ಣನ ಮಗ ಇದನ್ನ ಕೇಳಿ ಮೂರು ಪ್ರಶ್ನೆ ಕೇಳಿದ.

ಮಧ್ಯಾಹ್ನ: ನೆರಳು, ಊಟ

ಬಿಸಿಲೇರಿದ ಮೇಲೆ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಹೆಚ್ಚಿನಂಶ ತೇಗದ ಮರ. ಟಿಕೆಟ್ ಇದೆ. ಸುತ್ತ ತೋಟ, ಮರ, ಕೂರೋಕೆ ಜಾಗ ಇರೋದರಿಂದ ವಯಸ್ಸಾದವರಿಗೆ ಹೇಳಿ ಮಾಡಿಸಿದ ಹಾಗಿದೆ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್, ಟಿಪ್ಪು ಸೇರಿ ಇಂಗ್ಲಿಷ್ ಪಡೆಯನ್ನ ಸೋಲಿಸಿದ್ದು ಅಲ್ಲಿ. ಸೋತು ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ ಎಲ್ಲಿದ್ದಾನೆ ಹುಡುಕಿ ಅಂತ ಮಕ್ಕಳಿಗೆ ಬಿಟ್ಟರೆ ನಿಮಗೆ ಅರ್ಧ ಗಂಟೆ ಕೂರೋಕೆ ಸಿಗುತ್ತೆ.

ಆಮೇಲೆ ಊಟ, ಎರಡು ತಾಸು ವಿಶ್ರಾಂತಿ. ಇದನ್ನ ಯಾವ ಪಟ್ಟಿಯೂ ಬರೆಯಲ್ಲ. ರಾತ್ರಿ ಉಳಿಯೋ ರೂಮನ್ನ ದ್ವೀಪದ ಹತ್ತಿರವೇ ಹಿಡೀರಿ ಅನ್ನೋದು ಇದಕ್ಕೇ. ಹೊಳೆ ದಡದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ರಿವರ್ ವ್ಯೂ ಇದೆ, ಬೇರೆ ಲಾಡ್ಜುಗಳೂ ಇವೆ. ಮೈಸೂರಿನಲ್ಲಿ ರೂಮು ಮಾಡಿದ್ರೆ ಮಧ್ಯಾಹ್ನದ ನಿದ್ದೆ ಹೋಯ್ತು ಅಂತಲೇ ತಿಳ್ಕೊಳ್ಳಿ.

ಸಂಜೆ: ಗಂಜಾಂನಿಂದ ಸಂಗಮದವರೆಗೆ

ಇಲ್ಲಿಂದ ಪೂರ್ವಕ್ಕೆ ಹೋಗ್ತಾ ಇದ್ರೆ ಒಂದಾದ ಮೇಲೊಂದು ಸಿಗುತ್ತೆ, ಹಿಂದೆ ಮುಂದೆ ಓಡಾಡೋ ಹಾಗಿಲ್ಲ. ಗಂಜಾಂನ ಹೊಳೆ ದಂಡೆಯಲ್ಲಿ ನಿಮಿಷಾಂಬ. ಅಮಾವಾಸ್ಯೆ ದಿನ ಮಾತ್ರ ಹೋಗಬೇಡಿ, ಕಾಲಿಡೋಕೆ ಜಾಗ ಇರಲ್ಲ. ಅಲ್ಲಿಂದ ಗುಂಬಜ್. ಹೈದರ್ ಅಲಿ, ಅವನ ಹೆಂಡತಿ, ಟಿಪ್ಪು ಮೂವರ ಸಮಾಧಿಯೂ ಒಂದೇ ಗುಮ್ಮಟದಡಿ. ಸುತ್ತಲಿನ ಕಪ್ಪು ಕಲ್ಲಿನ ಕಂಬಗಳು ಸಂಜೆ ಬೆಳಕಿನಲ್ಲಿ ಕನ್ನಡಿಯ ಹಾಗೆ ಹೊಳೀತವೆ.

ಕೊನೆಗೆ ಸಂಗಮ, ದ್ವೀಪ ಮುಗಿಯೋ ತುದಿ. ಬೆಳಗ್ಗೆ ಕರಿಘಟ್ಟದಿಂದ ಎರಡಾಗಿ ಕಂಡ ಹೊಳೆ ಇಲ್ಲಿ ಕಣ್ಣೆದುರೇ ಒಂದಾಗುತ್ತೆ. ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ತಿನ್ನೋದು ಬಿಟ್ಟರೆ ಇಲ್ಲಿ ಮಾಡೋದೇನೂ ಇಲ್ಲ. ಅದಕ್ಕಿಂತ ಹೆಚ್ಚು ಬೇಕಾಗೂ ಇಲ್ಲ.

ಭಾನುವಾರ: ಒಂದು ಹಕ್ಕಿ, ಒಂದು ಬೆಟ್ಟ

ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ರಂಗನತಿಟ್ಟಿನಲ್ಲಿರಿ. ಪಟ್ಣದಿಂದ ನಾಲ್ಕೈದು ಕಿಲೋಮೀಟರ್. ಇದೂ ದ್ವೀಪಗಳೇ, ನಡುಗಡ್ಡೆಗಳ ಗುಂಪು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಹೊಳೆಗೆ ಅಣೆಕಟ್ಟೆ ಕಟ್ಟಿದಾಗ ಆದದ್ದು. ಹಕ್ಕಿಶಾಸ್ತ್ರಜ್ಞ ಸಲೀಂ ಅಲಿ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯ್ತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕೂತವರಿಗೆ ನಡೆಯೋ ಕಷ್ಟವೇ ಇಲ್ಲ, ಹಕ್ಕಿಗಳೇ ಹತ್ತಿರ ಬರ್ತವೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಂಡು ದೊಡ್ಡಮ್ಮ ಹೇಳಿದ್ದು, "ನಮ್ಮ ಹೊಳೇಲೇ ಇಷ್ಟೆಲ್ಲ ಐತಾ!"

ಅಲ್ಲಿಂದ ಮುಂದೆ ಒಂದೇ ಒಂದು ಆರಿಸಿ. ಮೇಲುಕೋಟೆ ಸುಮಾರು 35 ಕಿಲೋಮೀಟರ್: ಚೆಲುವನಾರಾಯಣ, ಕಲ್ಯಾಣಿ, ಪುಳಿಯೋಗರೆ. ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ಮಂಡಿಗೆ ಕಷ್ಟ. "ನಾನಿಲ್ಲೇ ಕೂತಿರ್ತೀನಿ" ಅಂತ ಅಮ್ಮ ಅಂದ ಆ ಒಂದು ಸಲ ಇಲ್ಲೇ, ಕಲ್ಯಾಣಿ ದಂಡೆಯಲ್ಲಿ ಕೂತು ಬಂದ ಹೋದವರನ್ನೆಲ್ಲ ಮಾತಾಡಿಸ್ಕೊಂಡು ಖುಷಿಯಾಗಿದ್ದರು. ಶಿಲ್ಪ ಇಷ್ಟಪಡುವವರಿಗೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ. ಹಳೇಬೀಡು ನೋಡಿದವರಿಗೂ ಹೊಸದಾಗಿ ಕಾಣುವ ಹೊಯ್ಸಳರ ಕೆಲಸ, ಜನಜಂಗುಳಿಯಿಲ್ಲ. ಬೃಂದಾವನದ ಕಾರಂಜಿಗೆ ರಾತ್ರಿವರೆಗೆ ಕಾಯಬೇಕು, ಸೋಮವಾರ ಆಫೀಸಿದೆ. ಅದನ್ನ ಇನ್ನೊಂದು ಸಲಕ್ಕೆ ಬಿಡಿ.

ನೀರಿನ ವಿಷಯ ಹುಷಾರು

ಬಾರ್ಬಡೋಸ್‌ನವರು ಯಾವ ದಡದಲ್ಲಿ ಈಜಬಾರದು ಅಂತ ಮೊದಲೇ ಹೇಳ್ತಾರೆ. ನಮ್ಮಲ್ಲೂ ಬೋರ್ಡ್ ಇದೆ, ಅದರ ಕೆಳಗೇ ನಿಂತು ಸೆಲ್ಫಿ ತೆಗೀತಾರೆ. ಕಾವೇರಿ ಮೇಲೆ ನಿಂತ ನೀರಿನ ಹಾಗೆ ಕಾಣುತ್ತೆ, ಕೆಳಗೆ ಬಂಡೆ, ಮಡು, ಸೆಳೆತ. ಬಲಮುರಿ, ಸಂಗಮ, ತೊಣ್ಣೂರು ಕೆರೆ ಕಡೆ ಮುಳುಗಿ ಸತ್ತವರ ಸುದ್ದಿ ನಮ್ಮ ಕಡೆಯವರಿಗೆ ಹೊಸದಲ್ಲ, ಹೆಚ್ಚಿನವರು ಹೊರಗಿಂದ ಬಂದ ಹುಡುಗರು. ಮಳೆಗಾಲದಲ್ಲಿ ಕೆಆರ್‌ಎಸ್ ತುಂಬಿ ನೀರು ಬಿಟ್ಟಾಗ ಹೊಳೆ ಬೇಗ ಏರುತ್ತೆ. ರಂಗನತಿಟ್ಟಿನ ದೋಣಿಯೂ ನಿಲ್ಲುತ್ತೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಡೋದಾದ್ರೆ ಹಿಂದಿನ ದಿನ ಸುದ್ದಿ ನೋಡಿ. ತೆಪ್ಪ ಹತ್ತೋದಾದ್ರೆ ಲೈಫ್ ಜಾಕೆಟ್ ಹಾಕ್ಕೊಂಡೇ. ಡಿಸೆಂಬರ್‌ನಿಂದ ಫೆಬ್ರವರಿ ಎಲ್ಲದಕ್ಕೂ ಒಳ್ಳೆ ಕಾಲ, ಹಕ್ಕಿಗೂ, ಮಂಡಿಗೂ.

ಹೋಗೋದು ಹೇಗೆ

ಬೆಂಗಳೂರಿಂದ ಕಾರಲ್ಲಿ ಬರುವವರು ಗಮನಿಸಿ, ಹೊಸ ಹೆದ್ದಾರಿಯ ಬೈಪಾಸ್ ಹಿಡಿದ್ರೆ ಪಟ್ಣ ಪಕ್ಕಕ್ಕೇ ಉಳಿಯುತ್ತೆ, ಇಳಿಯೋ ದಾರಿ ಮೊದಲೇ ನೋಡಿಟ್ಟುಕೊಳ್ಳಿ. ಬೈಕ್‌ನವರಿಗೆ 2023ರ ಆಗಸ್ಟ್ 1ರಿಂದ ಮುಖ್ಯ ಹೆದ್ದಾರಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ವಯಸ್ಸಾದವರಿಗೆ ನನ್ನ ಮತ ರೈಲಿಗೆ. ಸ್ಟೇಷನ್ ಕೋಟೆಯೊಳಗೇ ಇದೆ, ಇಳಿದು ಆಟೊ ಹಿಡಿದ್ರೆ ಸಾಕು. ನಿಮ್ಮ ರೈಲು ಅಲ್ಲಿ ನಿಲ್ಲುತ್ತಾ ಅಂತ ಮಾತ್ರ ನೋಡ್ಕೊಳ್ಳಿ. ಸಾಮಾನ್ಯ ಸರ್ಕಾರಿ ಬಸ್ಸಾದ್ರೆ ಶಕ್ತಿ ಯೋಜನೆಯಲ್ಲಿ ಅಮ್ಮ, ದೊಡ್ಡಮ್ಮ ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ಬ್ಯಾಗಿನಲ್ಲಿರಲಿ.

ಕೊನೆಗೊಂದು ಮಾತು

ದ್ವೀಪದ ಪಶ್ಚಿಮದ ತುದಿಯ ಕಡೆ ಒಂದು ಜಾಗವನ್ನ ನಾನು ಬೇಕಂತಲೇ ಪ್ಲ್ಯಾನ್‌ನಲ್ಲಿ ಹಾಕಿಲ್ಲ. ಅದು ಪಶ್ಚಿಮವಾಹಿನಿ. ಕಾವೇರಿ ಅಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗಿ ಹರೀತಾಳೆ. ಮೈಸೂರು, ಮಂಡ್ಯ ಕಡೆಯವರಿಗೆ ಅಸ್ಥಿ ಬಿಡೋ ಜಾಗ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನೂ ಅಲ್ಲೇ ಬಿಟ್ಟರು.

ನಮ್ಮ ಕಡೆ ಎಷ್ಟೋ ಹಿರಿಯರು ಜೀವಮಾನವೆಲ್ಲ ಈ ಹೊಳೆಯ ನೀರಿನಲ್ಲಿ ಕಬ್ಬು, ಭತ್ತ ಬೆಳೆದರು. ಈ ದ್ವೀಪವನ್ನ ಬಸ್ಸಿನ ಕಿಟಕಿಯಿಂದ ಬಿಟ್ಟು ಬೇರೆ ಹೇಗೂ ನೋಡಲಿಲ್ಲ. ಕೊನೆಗೆ ಮಕ್ಕಳು ರಜೆ ಹಾಕಿ, ಕಾರು ಮಾಡಿ, ಅವರನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದು ಒಂದೇ ಸಲ, ಮಡಕೆಯಲ್ಲಿ. ಆ ರಜೆಯನ್ನ ಯಾವ ಮ್ಯಾನೇಜರೂ ಇಲ್ಲ ಅನ್ನಲ್ಲ. ಈಗ ಕೇಳೋ ಒಂದು ಶನಿವಾರಕ್ಕೆ ನಾವೇ ನೂರು ನೆಪ ಹೇಳ್ತೀವಿ.

ಕೆರಿಬಿಯನ್ ಎಲ್ಲೂ ಓಡಿಹೋಗಲ್ಲ, ನಲವತ್ತಕ್ಕೂ ಹೋಗಬಹುದು. ಅಮ್ಮ ಅಪ್ಪನ ಮಂಡಿ ಅಷ್ಟು ದಿನ ಕಾಯಲ್ಲ. ಈಗಲೇ ಕ್ಯಾಲೆಂಡರ್ ತೆಗೆದು ಒಂದು ಶನಿವಾರಕ್ಕೆ ಗುರುತು ಹಾಕಿ, ಮನೆಗೆ ಫೋನ್ ಮಾಡಿ. "ಅಲ್ಲೇನೈತೆ ನೋಡಕ್ಕೆ" ಅಂದೇ ಅಂತಾರೆ. ನೀವು ಟಿಕೆಟ್ ಮಾಡಿಸಿ.