ಏಳು ವರ್ಷಕ್ಕೆ ಕಾಯಿಲೆ ಮುಗಿಯುವುದೇ?

ಪಾರ್ಶ್ವವಾಯು ಬಡಿದವರ ಮನೆಯವರು "ಇನ್ನೆಷ್ಟು ದಿನ, ಹಕೀಮ್ ಸಾಹೇಬರೇ?" ಎಂದು ಕೇಳುತ್ತಾರೆ. ಯಾವ ವೈದ್ಯನೂ ದಿನಾಂಕ ಹೇಳಲಾರ. ಅಮೆರಿಕದ ಕಾನೂನು ಹೇಳುತ್ತದೆ!

ಅಲ್ಲಿ ಬಡವರಾದ ವೃದ್ಧರು, ಅಂಧರು, ಅಂಗವಿಕಲರಿಗೆ ಎಸ್‌ಎಸ್‌ಐ ಎಂಬ ಮಾಸಿಕ ನೆರವಿದೆ. ಆಶ್ರಯ ಪಡೆದ ನಿರಾಶ್ರಿತರಿಗೆ ಮಾತ್ರ ಅದು ಸಾಮಾನ್ಯವಾಗಿ 7 ವರ್ಷ. ಬಳಿಕವೂ ಬೇಕೆಂದರೆ ಬಹುತೇಕರು ಪೌರತ್ವ ಪಡೆಯಬೇಕು. ಅದಕ್ಕೆ ಇಂಗ್ಲಿಷ್ ಮತ್ತು ಅಮೆರಿಕದ ಇತಿಹಾಸದ ಪರೀಕ್ಷೆ.

ಮರೆವಿನ ಕಾಯಿಲೆಯ ಮುದುಕಿ ಏನೆಂದು ಉತ್ತರಿಸಬೇಕು? ಅಂಥವರಿಗೆ ಅಲ್ಲಿನ ಪರವಾನಗಿ ಪಡೆದ ವೈದ್ಯರು ಎನ್-648 ನಮೂನೆ ತುಂಬಿಕೊಟ್ಟರೆ ಪರೀಕ್ಷೆಯಿಂದ ವಿನಾಯಿತಿ ಕೋರಬಹುದು. ಆ ಬಾಗಿಲು ಇರುವುದು ಒಳ್ಳೆಯದೇ. ಆದರೆ ಅರ್ಜಿ ತಡವಾದರೆ ನೆರವು ನಿಲ್ಲುತ್ತದೆ, ಕಾಯಿಲೆ ನಿಲ್ಲುವುದಿಲ್ಲ. ನೆರವನ್ನು ಅಳೆಯಬೇಕಾದದ್ದು ರೋಗಿಯ ಅಗತ್ಯದಿಂದ, ಕ್ಯಾಲೆಂಡರಿನಿಂದಲ್ಲ.