ಮುಸುರೆ ಯಾರ ಪಾಲಿಗೆ?

ಮುಸುರೆ ಅಂದರೆ ಏನು ಗೊತ್ತೇ ಮಕ್ಕಳೇ? ಗೊತ್ತಿಲ್ಲದಿದ್ದರೆ ಅಜ್ಜಿಯನ್ನು ಕೇಳಿ, ತಕ್ಷಣ ಹೇಳುತ್ತಾರೆ. ಅಡುಗೆ ಮಾಡಿದ ಪಾತ್ರೆಗೆ, ಉಂಡೆದ್ದ ತಟ್ಟೆಗೆ ಅಂಟಿಕೊಂಡು ಉಳಿಯುತ್ತದಲ್ಲ, ಅದೇ ಮುಸುರೆ. ಹುಟ್ಟುಹಬ್ಬವೋ, ಸತ್ಯನಾರಾಯಣ ಪೂಜೆಯೋ, ಮನೆಗೆ ಮೂವತ್ತು ಜನ ಬಂದರೆ ಸಂತೋಷ ಎಲ್ಲರಿಗೂ ಹಂಚಿಕೆಯಾಗುತ್ತದೆ. ಅವರು ಹೋದ ಮೇಲೆ ಸಿಂಕಿನಲ್ಲಿ ಬೆಟ್ಟದಂತೆ ಕೂತಿರುವ ಮುಸುರೆ ಮಾತ್ರ ಒಬ್ಬರ ಪಾಲಿಗೆ. ಒಂದೋ ಅಮ್ಮ, ಇಲ್ಲವೇ ಮರುದಿನ ಬೆಳಗ್ಗೆ ಕೆಲಸಕ್ಕೆ ಬರುವ ಹೆಣ್ಣುಮಗಳು. ಆಕೆಗೆ ನಮ್ಮ ಮನೆಯಾದ ಮೇಲೆ ಇನ್ನೂ ಮೂರು ಮನೆ ಇರುತ್ತದೆ.

ಮುಂದಿನ ಭಾನುವಾರ ನನ್ನ ಮೊಮ್ಮಗಳ ಹುಟ್ಟುಹಬ್ಬ. ಪಟ್ಟಿ ಮಾಡಲು ಕೂತಾಗ ಮೊಮ್ಮಗ ಹೇಳಿದ, "ಅಜ್ಜಿ, ಎಲ್ಲ ಯೂಸ್ ಅಂಡ್ ಥ್ರೋ ತಂದುಬಿಡೋಣ, ತೊಳೆಯೋ ತಾಪತ್ರಯವೇ ಇಲ್ಲ." ಅವನ ಮಾತು ಅರ್ಧ ನಿಜ. ತೊಳೆಯುವ ಕೆಲಸ ತಪ್ಪುತ್ತದೆ. ಆದರೆ ಎಸೆದದ್ದು ಎಲ್ಲಿಗೆ ಹೋಗುತ್ತದೆ? ಅರ್ಧ ತಿಂದ ಕೇಕು, ಸಾಂಬಾರು, ತಟ್ಟೆ, ಲೋಟ ಎಲ್ಲವೂ ಒಂದೇ ಚೀಲದಲ್ಲಿ ಸೇರಿದರೆ ಅದನ್ನು ಕೈಹಾಕಿ ಬೇರೆ ಮಾಡುವವರು ಪೌರಕಾರ್ಮಿಕರು. ಕೆಲಸ ಮುಗಿಯಲಿಲ್ಲ, ನಮ್ಮ ಸಿಂಕಿನಿಂದ ಇನ್ನೊಬ್ಬರ ಕೈಗೆ ದಾಟಿತು, ಅಷ್ಟೆ. ಚೀಲವನ್ನು ರಸ್ತೆ ಮೂಲೆಯಲ್ಲಿ ಇಟ್ಟುಬಿಟ್ಟರಂತೂ ಅನ್ನದ ವಾಸನೆಗೆ ಬರುವ ಹಸು ಪ್ಲಾಸ್ಟಿಕ್ ಸಮೇತ ನುಂಗುತ್ತದೆ.

ಕಾನೂನೂ ಒಪ್ಪುವುದಿಲ್ಲ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧವಿದೆ. ಆ ಪಟ್ಟಿಯಲ್ಲಿ ಸ್ಟ್ರಾ, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ, ಅಲಂಕಾರದ ಥರ್ಮಕೋಲ್ ಕೂಡ ಸೇರಿವೆ. "ಹಾಗಾದರೆ ಪೇಪರ್ ಕಪ್ ತರೋಣ" ಎಂದ ಮೊಮ್ಮಗ. ಪೇಪರ್ ಕಪ್ಪಿನ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿ. ಕಾಫಿ ಸೋರದಂತೆ ತೆಳುವಾದ ಪ್ಲಾಸ್ಟಿಕ್ ಪದರ ಅಂಟಿಸಿರುತ್ತಾರೆ.

ನನ್ನ ಕಾಲದವರಿಗೆ ಇನ್ನೊಂದು ದಾರಿ ಗೊತ್ತು. ನಿಮ್ಮ ಮನೆಯ ಹಳೆಯ ಸ್ಟೀಲ್ ಪಾತ್ರೆಯನ್ನು ತಿರುಗಿಸಿ ನೋಡಿ. ಚುಕ್ಕಿ ಚುಕ್ಕಿಯಾಗಿ ತಾತನ ಹೆಸರೋ, ಅಜ್ಜಿಯ ಹೆಸರೋ ಕೊರೆದಿರುತ್ತದೆ. ಯಾಕೆ ಹೇಳಿ? ವಠಾರದಲ್ಲಿ ಯಾರ ಮನೆಯಲ್ಲಿ ಸಮಾರಂಭವಾದರೂ ಅಕ್ಕಪಕ್ಕದ ಮನೆಗಳ ತಟ್ಟೆ, ಲೋಟ, ಕೊಳಗ ಎಲ್ಲ ಅಲ್ಲಿಗೆ ಹೋಗುತ್ತಿದ್ದವು. ಮುಗಿದ ಮೇಲೆ ಯಾರದು ಯಾರಿಗೆ ಎಂದು ಹೆಸರು ಓದಿ ವಾಪಸ್ ಕೊಡುವುದು ಮಕ್ಕಳ ಕೆಲಸ. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದು ಅರ್ಧ ಶಾಲೆಯಲ್ಲಿ, ಅರ್ಧ ಪಾತ್ರೆಗಳ ಮೇಲೆ!

ಅದೇ ಏರ್ಪಾಡು ಈಗ ಬೇರೆ ರೂಪದಲ್ಲಿದೆ. ಶಾಲಾ ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಗವಿಪುರ ಗುಟ್ಟಹಳ್ಳಿಯ ಅದಮ್ಯ ಚೇತನ ಸಂಸ್ಥೆ 'ಪ್ಲೇಟ್ ಬ್ಯಾಂಕ್' ನಡೆಸುತ್ತದೆ. ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ, ಚಮಚಗಳನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ, ಬಳಸಿ ಹಿಂತಿರುಗಿಸಬೇಕು. ಮೊದಲೇ ಫೋನ್ ಮಾಡಿ ವಿಚಾರಿಸಿದರೆ ಒಳ್ಳೆಯದು. ಅಷ್ಟು ದೂರ ಬೇಡವೆಂದರೆ ನಮ್ಮ ಕಡೆಯ ಶಾಮಿಯಾನ ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಮೂವತ್ತು ಜನಕ್ಕಾದರೆ ಎರಡು ಮೂರು ಮನೆಯವರು ಸೇರಿಸಿದರೂ ಸಾಕು.

ಲೋಟದ ಲೆಕ್ಕ ಕೇಳಿ. ಮೂವತ್ತು ಜನ ನೀರಿಗೊಂದು, ಪಾನಕಕ್ಕೊಂದು, ಕಾಫಿಗೊಂದು ಅಂತ ತೆಗೆದುಕೊಂಡರೆ 90 ಲೋಟ! ಪ್ರತಿ ಲೋಟಕ್ಕೂ ಬೇರೆ ಬಣ್ಣದ, ಬೇರೆ ಗಂಟಿನ ದಾರ ಕಟ್ಟಿ ಬಂದವರ ಕೈಗೆ ಕೊಡಿ. ತಮ್ಮ ಲೋಟ ತಾವೇ ಅಲುಬಿಕೊಂಡು ಮತ್ತೆ ಕುಡಿದರೆ 30ಕ್ಕೆ ಮುಗಿಯುತ್ತದೆ. ದಾರ ಕಟ್ಟುವ ಕೆಲಸ ಮೊಮ್ಮಗಳು ಆಗಲೇ ಶುರು ಮಾಡಿದ್ದಾಳೆ.

ತಿಂಡಿಯಲ್ಲೂ ಅರ್ಧ ಕೆಲಸ ಉಳಿಸಬಹುದು. ಪೂರಿ ಸಾಗು ಎಂದರೆ ಎಣ್ಣೆಯ ಬಾಣಲೆ, ಲಟ್ಟಣಿಗೆ, ಪರಾತ, ಸಾಗಿನ ಪಾತ್ರೆ, ಒಲೆಯ ಸುತ್ತ ಜಿಡ್ಡು. ಬಿಸಿಬೇಳೆ ಬಾತ್ ಒಂದೇ ದೊಡ್ಡ ಪಾತ್ರೆಯಲ್ಲಿ ಆಗುತ್ತದೆ. ಚಿರೋಟಿ ನನಗೆ ಪ್ರಾಣ, ಆದರೆ ಮಕ್ಕಳಿರುವ ಹಾಲ್‌ನಲ್ಲಿ ಬೇಡವೇ ಬೇಡ, ಸಕ್ಕರೆ ಪುಡಿ ಸೋಫಾ ಸಂದಿಗೆ ಹೋದರೆ ವಾರವಿಡೀ ಇರುವೆ. ರಾಜಾಜಿನಗರ, ವಿಜಯನಗರ, ನಮ್ಮ ಬಸವೇಶ್ವರನಗರದ 30-40 ಸೈಟಿನ ಮನೆಗಳಿಗೆ ತಾರಸಿ ಇದೆಯಲ್ಲ, ಊಟ ಅಲ್ಲಿಗೆ ಹಾಕಿ. ಚೆಲ್ಲಿದರೆ ಗುಡಿಸಿ ಒಂದು ಬಕೆಟ್ ನೀರು ಸುರಿದರೆ ಆಯಿತು. ಬಾಳೆ ಎಲೆಯಾದರೆ ಇನ್ನೂ ಹಗುರ, ಉಂಡ ಮೇಲೆ ಮಡಚಿ ನೇರ ಹಸಿ ಕಸಕ್ಕೆ. ಅಡಿಕೆ ಹಾಳೆ ತಟ್ಟೆಯೂ ಹಾಗೆಯೇ, ಮುರಿದು ಹಾಕಿದರೆ ಬೇಗ ಗೊಬ್ಬರವಾಗುತ್ತದೆ. ಅಂಗಡಿಯಲ್ಲಿ ಎಲೆ ತಟ್ಟೆ ಕೊಳ್ಳುವಾಗ ಹಿಂದೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾರೆಯೇ ಎಂದು ತಿರುಗಿಸಿ ನೋಡಿ. ಮತ್ತೆ ಆ ಪಾರ್ಟಿ ಪಾಪರ್! ಢಬ್ ಎಂದು ಹಾರುವ ಮಿಂಚು ಚೂರುಗಳು ಪೊರಕೆಗೂ ಸಿಗವು, ಕೈಗೂ ಸಿಗವು. ನಮ್ಮ ಮನೆಯಲ್ಲಿ ಈ ಸಲ ಚೆಂಡುಹೂವಿನ ದಳ ಎರಚುತ್ತೇವೆ.

ಜನ ಬರುವ ಮೊದಲು ಸಿಂಕ್ ಖಾಲಿ ಇರಬೇಕು, ಕಸದ ಡಬ್ಬಿಯೂ ಖಾಲಿ ಇರಬೇಕು. ಊಟದ ಜಾಗದಲ್ಲೇ ಎರಡು ಬಕೆಟ್, ಒಂದು ಚೀಲ ಇಡಿ. 2015ರ ಕೊನೆಯಲ್ಲಿ ಹೈಕೋರ್ಟ್ ಬೆಂಗಳೂರಿನ ಮನೆಗಳಿಗೆಲ್ಲ ಹೇಳಿದ ಕ್ರಮವೂ ಇದೇ: ಹಸಿ ಕಸಕ್ಕೆ ಹಸಿರು ಬಕೆಟ್, ಸ್ಯಾನಿಟರಿ ಕಸಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಅವುಗಳ ಮೇಲೆ ಮಕ್ಕಳು ಚಿತ್ರ ಬರೆದು ಅಂಟಿಸಲಿ. ಬಾಳೆಹಣ್ಣಿನ ಸಿಪ್ಪೆ, ಉಡುಗೊರೆಯ ಕಾಗದ ಬರೆದರೆ ಓದು ಬಾರದ ಪುಟಾಣಿಗೂ ತಿಳಿಯುತ್ತದೆ. ಗಾಜು ಒಡೆದರೆ ಬರಿದೇ ಹಾಕಬೇಡಿ, ಹಳೆ ಪೇಪರಿನಲ್ಲಿ ದಪ್ಪಗೆ ಸುತ್ತಿ ಮೇಲೆ 'ಗಾಜು' ಎಂದು ಬರೆದು ಕೊಡಿ.

ಪಕ್ಕದಲ್ಲೇ ಒಂದು ಟಬ್ಬಿನಲ್ಲಿ ಸೋಪು ನೀರು. ಉಂಡವರು ಉಳಿದದ್ದನ್ನು ಹಸಿರು ಬಕೆಟ್ಟಿಗೆ ತಳ್ಳಿ ತಟ್ಟೆಯನ್ನು ಟಬ್ಬಿಗೆ ಇಳಿಸಬೇಕು, ಅತ್ತೆ ಮಾವ ಚಿಕ್ಕಪ್ಪ ಎಲ್ಲರೂ. ಹಿರಿಯರಿಗೆ ಹೇಗೆ ಹೇಳುವುದು ಎಂಬ ಸಂಕೋಚವಿದ್ದರೆ ತಾತನೇ ಮೊದಲು ಎದ್ದು ಇಳಿಸಲಿ, ಆಮೇಲೆ ಯಾರೂ ತಟ್ಟೆ ಬಿಟ್ಟು ಏಳುವುದಿಲ್ಲ. ಬೇಗ ನೆನೆಸುವುದಕ್ಕೆ ಕಾರಣವಿದೆ. ಅನ್ನದ ಪಿಷ್ಟ ಒಣಗಿದರೆ ಗೋಂದು. ಅಗುಳಿನಿಂದ ಗಾಳಿಪಟ ಅಂಟಿಸುತ್ತಿದ್ದ ತಾತಂದಿರಿಗೆ ಇದು ಚೆನ್ನಾಗಿ ಗೊತ್ತು. ಜಿಡ್ಡಿಗೆ ಬಿಸಿನೀರು ಬೇಕು, ಆದರೆ ಹಾಲಿನ ಪಾತ್ರೆಗೆ ಮೊದಲು ತಣ್ಣೀರು. ಬಿಸಿನೀರು ತಾಗಿದರೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಇನ್ನಷ್ಟು ಹಿಡಿದುಕೊಳ್ಳುತ್ತದೆ.

ವಾಟ್ಸಾಪ್ ಆಹ್ವಾನದ ಕೊನೆಗೆ ನಾನೊಂದು ಸಾಲು ಸೇರಿಸಿದ್ದೇನೆ, "ಬರುವಾಗ ಒಂದು ಖಾಲಿ ಡಬ್ಬಿ ತನ್ನಿ." ಮಿಕ್ಕ ಬಾತ್ ಅವರ ಮನೆಗೆ, ಖಾಲಿ ಪಾತ್ರೆ ನಮ್ಮ ಟಬ್ಬಿಗೆ. ಸೊಸೆಗೆ ಮೊದಲು ನಗು ಬಂತು, ಆಮೇಲೆ ತನ್ನ ಅಕ್ಕನಿಗೆ ತಾನೇ ಫೋನ್ ಮಾಡಿ ದೊಡ್ಡ ಡಬ್ಬಿಯೇ ತರಲು ಹೇಳಿದಳು. ತೊಳೆಯಲು ಮಗ, ಒರೆಸಲು ನಾನು, ಜೋಡಿಸಲು ಸೊಸೆ. ಸೋಮವಾರ ಬೆಳಗ್ಗೆ ಟಿಪ್ಪರ್ ಬಂದಾಗ ಹಸಿರು ಬಕೆಟ್ ಹಿಡಿದು ಓಡುವ ಸರದಿ ಮೊಮ್ಮಗನದು. ಅದಕ್ಕೆ ಎರಡನೇ ತುಂಡು ಕೇಕ್ ಕೊಡಬೇಕಂತೆ. ಇನ್ನೂ ಚೌಕಾಸಿ ನಡೆದಿದೆ.