ಗೆರೆ ಹಾಕುವವರು ಯಾರು?

"ಅಮ್ಮಾ, 'ಕ್ರಾಸ್ ದಿ ಲೈನ್' ಅಂದ್ರೆ ಎಂತ? ಗೆರೆ ದಾಟುದಾ?" ಇಂಗ್ಲಿಷ್ ಹೋಂವರ್ಕ್ ಮಾಡುತ್ತಿದ್ದ ಮಗಳ ಪ್ರಶ್ನೆ. ದೋಸೆ ಕಾವಲಿ ಎದುರಿದ್ದ ನಾನು, "ಮಿತಿ ಮೀರುದು ಮಗಾ. 'ಮಾತಿಗೊಂದ್ ಮಿತಿ ಇರ್ಕ್' ಅಂತ ಅಜ್ಜಿ ಹೇಳ್ತ್ರಲ್ಲ, ಅದೇ" ಎಂದೆ. ಅವಳು ಬಿಡಲಿಲ್ಲ. "ಹಾಂಗಾರೆ ಆ ಗೆರೆ ಹಾಕುದ್ ಯಾರ್?"

ಒಳ್ಳೆಯ ಪ್ರಶ್ನೆ! ಗೆರೆ ಎಂದೊಡನೆ ನಮಗೆ ನೆನಪಾಗುವುದು ಲಕ್ಷ್ಮಣರೇಖೆ. ವಾಲ್ಮೀಕಿ ರಾಮಾಯಣದಲ್ಲಿ ಅದರ ಪ್ರಸ್ತಾಪವೇ ಇಲ್ಲ, ನಂತರದ ಕಥೆಗಳಲ್ಲಿ ಬಂದದ್ದು. ಆದರೂ ಹೆಣ್ಣು ದಾಟಬಾರದ ಗೆರೆಯಾಗಿ ಮನಸ್ಸಲ್ಲಿ ಕೂತುಬಿಟ್ಟಿದೆ. ಹೆಣ್ಣಿನ ಎದುರು ಬೇರೆಯವರು ದಾಟಬಾರದ ಗೆರೆಯೂ ಒಂದಿದೆ ಎಂದು ನಮಗೆ ಹೇಳಿಕೊಟ್ಟವರು ಕಡಿಮೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಎಲ್ಲಿಯೇ ಇರಲಿ, ಮದುವೆಮನೆಯಲ್ಲಿ ಒಮ್ಮೆ ಕಿವಿಗೊಟ್ಟು ನೋಡಿ. "ಮೂರ್ ವರ್ಷ ಆಯ್ತಲ್ಲ, ಇನ್ನೂ ವಿಶೇಷ ಇಲ್ಯಾ?" ಎಂದು ಯಾರೋ ಕೇಳುತ್ತಾರೆ. "ಇವ್ಳ್ ಮಾಡಿದ್ ಸಾರ್ ನಾಯಿಯೂ ಮೂಸುದಿಲ್ಲ" ಎಂದು ಗಂಡ ಹೇಳುತ್ತಾನೆ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ರಾತ್ರಿ ಪಾತ್ರೆ ತೊಳೆಯುವಾಗ ಮಾತ್ರ ಕಣ್ಣು ತುಂಬುತ್ತದೆ. ಕೇಳಿದರೆ, "ತಮಾಷೆಗ್ ಹೇಳಿದ್ದ್ ಮಾರಾಯ್ತಿ!"

ತಮಾಷೆ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಹೇಳಿಸಿಕೊಂಡವರು, ಹೇಳಿದವರಲ್ಲ. ಇದು ನನ್ನ ಅಭಿಪ್ರಾಯ. ಕಾನೂನು ಕೂಡ ಮಾತಿನ ಪೆಟ್ಟನ್ನು ಹಗುರವಾಗಿ ಕಂಡಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಹೊಡೆತದ ಜೊತೆಗೆ ಅವಮಾನ, ಗೇಲಿ, ಮಕ್ಕಳಿಲ್ಲ, ಗಂಡುಮಗು ಇಲ್ಲ ಎಂಬ ಹಂಗಿಸುವಿಕೆಯನ್ನೂ ಅದು ದೌರ್ಜನ್ಯವೆಂದೇ ಹೇಳುತ್ತದೆ. ಮನೆಖರ್ಚಿಗೆ ಹಣ ಕೊಡದೆ ಸತಾಯಿಸುವುದೂ ಅದರಲ್ಲಿ ಸೇರಿದೆ.

ಹಾಗೆಂದು ಒಂದು ಮಾತಿಗೆಲ್ಲ ಕೋರ್ಟು ಬೇಡ. ಮೊದಲ ಸಲವೇ, ಇಬ್ಬರೇ ಇರುವಾಗ, ಸಮಾಧಾನದಿಂದ ಹೇಳಿಬಿಡಿ: "ನಂಟರ ಎದುರು ನೀವು ಹಾಗೆ ಹೇಳಿದ್ದು ನನಗೆ ನೋವಾಯಿತು. ಇನ್ನೊಮ್ಮೆ ಬೇಡ." ಹತ್ತು ವರ್ಷ ನುಂಗಿಕೊಂಡು ಒಂದು ದಿನ ಸ್ಫೋಟಿಸಿದರೆ ಮಿತಿ ಮೀರಿದವರು ನೀವೇ ಎಂದಾಗುತ್ತದೆ! ಹೇಳಿದ ಮೇಲೂ ಅದೇ ನಡೆದರೆ, ಬೆದರಿಕೆ, ಹೊಡೆತ ಶುರುವಾದರೆ ಸುಮ್ಮನಿರಬೇಡಿ. ಮಹಿಳಾ ಸಹಾಯವಾಣಿ 181 ಇದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋದರೂ ದೂರು ಕೊಡುವ ದಾರಿ ತಿಳಿಯುತ್ತದೆ.

ಇಷ್ಟೆಲ್ಲ ಯೋಚಿಸಿ ಮಗಳಿಗೆ, "ಯಾರಿಗೆ ನೋವಾಗುತ್ತೋ ಅವರೇ ಗೆರೆ ಹಾಕುದ್" ಎಂದೆ. ಅವಳು ಪುಸ್ತಕದಿಂದ ತಲೆ ಎತ್ತಿದಳು. "ಹಾಂಗಾರೆ ಕೇಳ್ದೆ ನನ್ ಡೈರಿ ಓದುದು?"

ಕಾವಲಿ ಮೇಲಿನ ದೋಸೆ ಸೀದುಹೋಯಿತು. ನಾನು "ತಪ್ಪಾಯ್ತ್ ಮಗಾ" ಎಂದೆ. ಬೇರೆಯವರು ನಮ್ಮ ಗೆರೆ ಗೌರವಿಸಬೇಕು ಎನ್ನುವ ನಾವು ಮೊದಲು ಮಕ್ಕಳ, ಸೊಸೆಯ ಗೆರೆಯನ್ನೂ ನೋಡಬೇಕಲ್ಲವೇ?